ಖಾಲಿ ಅದ ಎಂದಿದ್ದ ಕಾಕಾ

ನಿನ್ನೆ ಸೊಲ್ಲಾಪುರದ ನಮ್ಮ ಅಂಗಡಿಯ ಷಟರ್ ಬೀಗಕ್ಕೆ ತುಕ್ಕು ಬಿಡಿಸುವ ಎಣ್ಣೆ ಹೊಡೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾಗಣಸೂರಿನ ಕಾಕಾ ನೆನಪಾದರು. ಆಮೇಲೆ ಗಿರಾಕಿಗಳ ಮಾತು ತಲೆಗೆ ಹೋಗಲೇ ಇಲ್ಲ...

ಕಾಕಾ ಅಪ್ಪನ ತಮ್ಮ. ಹೊಲಕ್ಕೆ ನುಗ್ಗುವ ಹಂದಿ ಬೆದರಿಸಲು ಲೈಸೆನ್ಸಿನ ಜೋಡುನಳಿಗೆ ಬಂದೂಕು ಇಟ್ಟಿದ್ದರು. ಹಂದಿ ಕಾಟ ತಪ್ಪಿದ ಮೇಲೆ ಅದು ನಡುಮನೆಯ ಗೋಡೆ ಸೇರಿತು. ಪ್ರತಿ ದಸರೆಗೆ ನೀರು ಚಿಮುಕಿಸಿ, ಅರಿಸಿನ ಕುಂಕುಮ ಬಳಿದು ಪೂಜೆ. ಒರೆಸಬಾರದೆಂಬುದು ಅವರ ನೇಮ. ಭಕ್ತಿ ಹೆಚ್ಚಾಗಿ ಕೀಲು ತುಕ್ಕು ಹಿಡಿಯಿತು. ನಳಿಗೆ ಬಗ್ಗಿಸಿ ಒಳಗೆ ನೋಡಲೂ ಬಾರದಂತೆ ಕಚ್ಚಿಕೊಂಡಿತು.

ಮಗಳ ಚೊಚ್ಚಲ ಬಾಣಂತನ ಹತ್ತಿರ ಬಂದಾಗ ಕಾಕಿ ಹಟ ಹಿಡಿದಳು. "ಒಳಗ ಕಾಡತೂಸು ಉಳದಿದ್ರ? ಅದು ತೆರಿಯೂತನಕಾ ನನ್ನ ಮಗಳು ಈ ಮನಿಗಿ ಬರಾಂಗಿಲ್ಲ."

"ಖಾಲಿ ಅದ ಅಂದ್ರ ಖಾಲಿ ಅದ. ನಾನೇ ತಗದೀನಿ," ಎಂದರು ಕಾಕಾ. ಅವರ ನೆನಪಿನ ಮೇಲೆ ಊರಿಗೇ ಭರವಸೆ. ಹೊಲದ ಗಡಿಯ ಬಾಂದಿನ ಜಗಳ ಬಂದರೂ ಅವರನ್ನೇ ಕೇಳುತ್ತಿದ್ದರು.

ಮಗಳಿಗಾಗಿ ಬಂದೂಕನ್ನು ಸೊಲ್ಲಾಪುರಕ್ಕೆ ತಂದರು. ಬಂದೂಕು ರಿಪೇರಿಯವನು ಕೀಲಿಗೆ ಅದೇ ಘಾಟಿನ ಎಣ್ಣೆ ಬಿಟ್ಟು ಕೈ ಒರೆಸಿಕೊಂಡ. "ಸುತ್ತಿಗಿ ಮುಟ್ಟಂಗಿಲ್ಲರಿ. ತುಂಬಿತ್ತಂದ್ರ ನೀವೂ ಇಲ್ಲ, ನಾನೂ ಇಲ್ಲ. ಎಣ್ಣಿ ಇಳೀಲಿ, ತಡ್ರಿ."

ತಡೆಯುವುದು ಕಾಕಾನಿಂದ ಆಗದ ಮಾತು. ನಮ್ಮ ಮನೆಯಲ್ಲಿ ಉಳಿದು, ಅರ್ಧ ಚಹಾ ಬಿಟ್ಟು ರಿಪೇರಿ ಅಂಗಡಿಗೆ ಓಡುವರು, ಬರುವರು, ಮತ್ತೆ ಎದ್ದು ನಿಲ್ಲುವರು. ರೊಟ್ಟಿ ಮುರಿದು ತಾಟಿನಲ್ಲೇ ಬಿಡುವರು. ಮಗಳ ಫೋನ್ ಬಂದರೆ, "ಬಾ ಅಂತೀನಿ, ತಡಿ" ಎಂದು ಇಟ್ಟುಬಿಡುವರು. ಅವರ ತಿರುಗಾಟ ನೋಡಿ ನನಗೂ ಕೂತಲ್ಲಿ ಕೂಡಲಾಗಲಿಲ್ಲ.

ಕೊನೆಗೊಂದು ಮಧ್ಯಾಹ್ನ ಕೀಲು ಸಡಿಲಿತು, ನಳಿಗೆ ಬಗ್ಗಿತು. ಒಂದರಲ್ಲಿ ಏನೂ ಇರಲಿಲ್ಲ. ಇನ್ನೊಂದರಲ್ಲಿ ಹಸಿರು ಕಿಲುಬು ಹಿಡಿದ ಕಾಡತೂಸು... ಕಾಕಾ ಅಂಗಡಿಯ ಮೆಟ್ಟಿಲ ಮೇಲೆ ಕೂತರು.

"ನಾ ತಗದಿದ್ದೆ," ಎಂದರು. ಆಮೇಲೆ ಕಾಡತೂಸಿನತ್ತ ನೋಡುತ್ತ, "ತಗದಿದ್ನೋ, ಇಲ್ಲೋ..."

ಬಂದೂಕನ್ನು ಅಕ್ಕಲಕೋಟದ ಠಾಣೆಗೆ ಒಪ್ಪಿಸಿದರು. ಮಗಳು ಬಂದಳು, ಹೆಣ್ಣು ಹೆತ್ತಳು, ಮನೆ ತುಂಬಿತು. ಎಲ್ಲರೂ ದೇವರು ದೊಡ್ಡವನು ಎಂದರು. ಕಾಕಾ ಮಾತ್ರ ಮತ್ತೆ ಯಾವುದನ್ನೂ ಖಚಿತವಾಗಿ ಹೇಳಲಿಲ್ಲ. ಬಾಂದಿನ ಮಾತೆತ್ತಿದವರಿಗೆ, "ಬ್ಯಾರೇದವ್ರನ್ನ ಕೇಳ್ರಿ" ಎನ್ನುವರು. ಬಾವಿಯ ಮೋಟಾರು ಬಂದ್ ಮಾಡಿ ಬಂದು, ಮತ್ತೆ ನೋಡಲು ಹೋಗುವರು.

ಕಾಕಾ ಹೋದ ವರ್ಷ ತೀರಿಕೊಂಡರು. ಅಂದು ಹುಟ್ಟಿದ ಮೊಮ್ಮಗಳು ಈಗ ಕಾಲೇಜಿನಲ್ಲಿದ್ದಾಳೆ. "ಪಾಪ, ಅಜ್ಜಾಗ ಏನೂ ನೆನಪ ಇರ್ತಿರಲಿಲ್ಲ," ಎಂದು ಅವರು ತೀರಿದ ದಿನ ಅತ್ತಳು. ಹಂಗಲ್ಲವ್ವಾ ಎನ್ನಬೇಕೆನಿಸಿತು. ಊರೇ ನೆನಪು ಕೇಳಲು ಬರುತ್ತಿದ್ದ ನನ್ನ ಆ ಕಾಕಾನನ್ನು ಅವಳು ನೋಡಿಯೇ ಇಲ್ಲ.