ರಷ್ಯಾದ ಚೌಕವೂ ನಮ್ಮ ನೇಕಾರರೂ

ಕೊಳ್ಳೇಗಾಲದಲ್ಲಿ ನಮ್ಮ ಪಕ್ಕದ ಮನೆಯ ರೇಷ್ಮೆ ನೇಕಾರರು ಯಾವ ಸೀರೆ ಕೊಟ್ಟರೂ ಮೊದಲು ಮಗುಚಿ ಹಿಂಬದಿ ನೋಡುತ್ತಿದ್ದರು. "ಮುಂದ್ಗಡೆ ಎಲ್ರೂ ಚೆಂದಾಗೇ ಕಾಣ್ತಾರೆ ಕಣಪ್ಪಾ" ಅನ್ನುತ್ತಿದ್ದರು.

ಅವರ ಮಗ್ಗ ಎರಡು ತಿಂಗಳಿಂದ ಖಾಲಿಯಿತ್ತು. ಅಂಗಡಿಯವನೊಬ್ಬ ಫೋನಿನಲ್ಲಿ ಕೆಂಪು-ಕಪ್ಪು ಚೌಕಗಳನ್ನು ತೋರಿಸಿ, ಇದು ರಷ್ಯಾದ ಹಳೇ ಚಿತ್ರ, ಸೀರೆಗೆ ನೇಯ್ದುಕೊಡಿ ಎಂದ. ಯಾವನೋ ಬಡ ನೇಕಾರನ ಡಿಸೈನು ಕದ್ದು ತಂದಿದ್ದಾನೆ ಅಂತ ಇವರಿಗೆ ಗುಮಾನಿ. ಬೆಂಗಳೂರಿನಲ್ಲಿ ಆ ಚಿತ್ರಗಳದೇ ಪ್ರದರ್ಶನ ನಡೆಯುತ್ತಿತ್ತು, ಕರೆದುಕೊಂಡು ಹೋದೆ.

ಫೋನಿನಲ್ಲಿ ಕಂಡಿದ್ದ ಚಿತ್ರವೇ ಗೋಡೆಯ ಮೇಲಿತ್ತು; ಅದರ ಹಿಂದಕ್ಕೆ ಇಣುಕಲು ಹೋಗಿ ಕಾವಲಿನವನಿಂದ ಬೈಸಿಕೊಂಡರು. ಆಮೇಲೆ ಕೈಕಟ್ಟಿ ಅರ್ಧ ಗಂಟೆ ನಿಂತರು.

"ಈ ಚೌಕದ ಅಂಚು ವಸಿ ಸೊಟ್ಟಗದ. ಕೈಲೇ ಮಾಡವ್ನೆ."

"ಅಂಗಡಿಯವ್ನು ನಿಜಾನೇ ಹೇಳಿದ್ದ. ಇನ್ನು ನೇಯ್ಬೋದಲ್ವಾ ಅಣ್ಣಾ?" ಅಂದೆ.

ಅವರು ಅಲ್ಲಿಂದಲೇ ಅಂಗಡಿಯವನಿಗೆ ಫೋನ್ ಮಾಡಿದರು. "ಇದ ಬರ್ದ ಯಜಮಾನ ಸಿಕ್ಬುಟ್ಟ ಕಣಪ್ಪಾ. ಅವ್ನ ಒಂದ್ ಮಾತು ಕೇಳದೇ ನಾ ಮಗ್ಗ ಮುಟ್ಟಕ್ಕಿಲ್ಲ."