ಬೋಳಾದ ಗೊಬ್ಬರದ ಗಿಡ

ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಟ್ರಿಮ್ಮಿಂಗ್ ಅಂದ್ರೆ ಪ್ಯಾಂಟಿನ ಮೇಲೆ ಒಂದು ದಾರವೂ ಉಳಿಯಬಾರದು. ಅಲ್ಲಿ ಪಳಗಿದ ಕೈ ನನ್ನದು. ಯೂನಿಟ್ಟು ಮುಚ್ಚಿದ ಮೇಲೆ ಕಣೇಕಲ್ಲಿನ ಹತ್ತಿರ ಒಂದು ತೋಟದಲ್ಲಿ ಕೂಲಿ ಸಿಕ್ಕಿತು. ಇದೂ ಹೋದರೆ ಭಾವನ ಜೊತೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಕಳಿಸ್ತೀನಿ ಅಂತ ಅವ್ವ ಆಗಲೇ ಹೇಳಿದ್ದಳು.

ತೋಟದ ಮೇಡಂ ಬದುವಿನ ಗ್ಲಿರಿಸಿಡಿಯಾ, ಅಂದ್ರೆ ಗೊಬ್ಬರದ ಗಿಡ ತೋರಿಸಿ, "ಟ್ರಿಮ್ ಮಾಡಪ್ಪಾ, ಸೊಪ್ಪು ಗೊಬ್ಬರಕ್ಕಾಗ್ತದ" ಅಂದು ಹೋದರು. ಮಚ್ಚು ಹಿಡಿದ ನಾನು ಒಂದೆಲೆ ಉಳಿಸಲಿಲ್ಲ.

ಸಂಜೆ ಬಂದವರೇ ತಲೆ ಮೇಲೆ ಕೈಹೊತ್ತರು. "ಯಾಕೋ, ತಿರುಪತಿಗೆ ಹೋಗಿ ಬಂದಂಗ ಮಾಡಿದಿ! ಒಂದೆರಡು ಕೊಂಬೆ ಬಿಡಬಾರದಿತ್ತಾ?"

ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತವಂತೆ. ಅವುಗಳಿಗೆ ಊಟ ಎಲೆಯಿಂದಲೇ ಇಳಿಯಬೇಕು. ಎಲ್ಲ ಎಲೆ ಕಡಿದರೆ ಗಂಟು ಸಾಯುತ್ತದೆ, ಜೀವ ಇರುವ ಗಂಟಿನ ಒಳಗೆ ಮಾತ್ರ ಕೆಂಪಿರುತ್ತದೆ ಅಂದರು ಮೇಡಂ.

"ಚಿಗುರಲಿ, ಬೇರು ನೋಡೋಣ. ಗಂಟಿನೊಳಗೆ ಕೆಂಪಿದ್ದರೆ ಕೆಲಸಕ್ಕೆ ಬಾ, ಇಲ್ಲಾಂದ್ರೆ ಬರಬೇಡ."

ಗಿಡ ಚೆನ್ನಾಗಿ ಚಿಗುರಿದ ಮೇಲೆ ಮೇಡಂ ಮಣ್ಣು ಬಗೆದರು. ಮೊದಲು ಸಿಕ್ಕ ಗಂಟು ಬೂದಿ ಬಣ್ಣ, ಒಳಗೆ ಟೊಳ್ಳು. ನಾನೇ ಮಣ್ಣಿಗೆ ಕೈಹಾಕಿದೆ. ಪಕ್ಕದಲ್ಲೇ ಹೊಸದೊಂದು ಗಂಟಿತ್ತು. ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಕೆಂಪು!

"ಇದಕ್ಕೆ ನಾಚಿಕೆ ಆಗ್ಯಾದ್ರಿ ಮೇಡಂ" ಅಂದೆ.

"ನಿನಗಾಗಬೇಕಿತ್ತಲ್ಲೋ, ಪಾಪ, ಅದಕ್ಕಾಗ್ಯಾದ" ಎಂದು ನಕ್ಕರು.

ನಾಳೆಯಿಂದ ಬಾ ಅಂದರು. ಮಚ್ಚು ಮಾತ್ರ ಅವತ್ತಿನಿಂದ ಅವರ ಬೀರುವಿನಲ್ಲಿದೆ.