ಹುಬ್ಬಳ್ಳಿಯ ಬ್ರಿಟಿಷನ ಜೊತೆ ಮಾಲ್ಮೊಗೆ

ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದಿಂದ ಬೆಳಗಿನ ರೈಲು ಹೊರಟಾಗ ಸಮುದ್ರದ ಮೇಲೆ ಮಂಜು ಕೂತಿತ್ತು. ಹಳಿಯ ಎರಡೂ ಕಡೆ ನೀರಿತ್ತು, ಆದರೆ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಅಂತ ತಿಳಿಯುತ್ತಿರಲಿಲ್ಲ. ಮೇ ತಿಂಗಳಾದರೂ ಎಂಟು ಡಿಗ್ರಿ ಚಳಿ. ಹೆಲ್ಸಿಂಗ್‌ಬೋರ್ಯ್‌ಗೆ ಇನ್ನೂರು ಕಿಲೋಮೀಟರಿನ ಆಸುಪಾಸು, ಟಿಕೆಟ್ಟಿಗೆ ಮುನ್ನೂರು ಚಿಲ್ಲರೆ ಕ್ರೋನಾ, ಮಧ್ಯೆ ಒಂದು ಕಡೆ ರೈಲು ಬದಲಿಸಬೇಕು. ನಾನು ಒಗ್ಗರಣೆ ಅವಲಕ್ಕಿ ಕಟ್ಟಿಕೊಂಡಿದ್ದೆ. ಡಬ್ಬಿ ತೆರೆದಾಗ ಎದುರಿಗಿದ್ದ ಅಜ್ಜಿ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಹೆಣಿಗೆಗೆ ಇಳಿದಳು. ‘ಏನಮ್ಮಾ ಅದು, ಎಲ್ಲಿಗೆ ಹೊರಟೆ’ ಅಂತ ಈ ದೇಶದಲ್ಲಿ ಯಾರೂ ಕೇಳುವುದಿಲ್ಲ. ಹತ್ತು ವರ್ಷವಾದರೂ ಇದೊಂದು ನನಗೆ ಒಗ್ಗಿಲ್ಲ.

ಕೇಳಿದ್ದರೆ ಹೇಳುವುದು ಬೇಕಾದಷ್ಟಿತ್ತು. ನಾನು ಹೊರಟಿದ್ದು ಇಮ್ತಿಯಾಜ್‌ಗಾಗಿ. ಹಿಂದೆ ಹೆಲ್ಸಿಂಗ್‌ಬೋರ್ಯ್‌ನಲ್ಲಿದ್ದಾಗ ನಾವು ಒಂದೇ ಕಟ್ಟಡದವರು. ಎರಡು ದಿನದ ಹಿಂದೆ ಫೋನ್ ಮಾಡಿದ್ದ. “ಸುಮಕ್ಕಾ, ಶುಕ್ರವಾರ ಮಾಲ್ಮೊಗೆ ಬಾ ಅಂದಿದಾರೆ. ನಾನು ಈ ದೇಶದಲ್ಲಿ ಇರಬಹುದೋ ಇಲ್ಲವೋ ಅಂತ ತೀರ್ಮಾನ ಕೈಗೆ ಕೊಡ್ತಾರಂತೆ. ಸರ್ಕಾರಿ ಸ್ವೀಡಿಷ್ ನನಗೆ ತಲೆಗೆ ಹೋಗಲ್ಲ. ನೀವು ಜೊತೆಗಿದ್ದರೆ ಧೈರ್ಯ.” ಎರಡು ದಿನ ರಜೆ ಹಾಕಿ ಹೊರಟೆ.

ದಾರಿಯುದ್ದಕ್ಕೂ ಬರ್ಚ್ ಮರಗಳು, ಕೆರೆಗಳು, ಕೆಂಪು ಬಣ್ಣದ ಮರದ ಮನೆಗಳು. ಕಣ್ಣು ಮುಚ್ಚಿದರೂ ತೆರೆದರೂ ಅವೇ ಕಾಣುತ್ತಿದ್ದವು. ಎಲ್ಲಿ ನಿದ್ದೆ ಹೋದೆ, ಎಲ್ಲಿ ಎದ್ದೆ ಅಂತ ನೆನಪಿಲ್ಲ. ರೈಲು ಬದಲಿಸಿದ್ದಂತೂ ಅರೆನಿದ್ದೆಯಲ್ಲೇ.

ಇಮ್ತಿಯಾಜ್ ಹುಬ್ಬಳ್ಳಿಯವನು. ಹದಿನೈದು ವರ್ಷ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ದುಡಿದು, ಅಲ್ಲಿನ ಪಾಸ್‌ಪೋರ್ಟ್ ಮಾಡಿಸಿಕೊಂಡು, ಆಮೇಲೆ ಇಲ್ಲಿಗೆ ಬಂದ. ಆಗ ಬ್ರಿಟನ್ ಇನ್ನೂ ಯುರೋಪಿನ ಒಕ್ಕೂಟದಲ್ಲಿತ್ತು. ವೀಸಾ ಇಲ್ಲ, ಪರವಾನಗಿ ಇಲ್ಲ, ಒಂದು ಸೂಟ್‌ಕೇಸ್ ಹಿಡಿದು ಇಳಿದವನೇ ಪರ್ಸೊನ್ನುಮ್ಮರ್ ತಗೊಂಡ. ಆ ಗುರುತಿನ ಸಂಖ್ಯೆ ಒಂದು ಕೈಗೆ ಬಂದರೆ ಇಲ್ಲಿ ಬ್ಯಾಂಕು, ಬಾಡಿಗೆ ಮನೆ, ಆಸ್ಪತ್ರೆ ಎಲ್ಲ ತಾನಾಗಿ ತೆರೆದುಕೊಳ್ಳುತ್ತವೆ. ಮುಂದೆ ಬ್ರಿಟನ್ ಒಕ್ಕೂಟ ಬಿಟ್ಟು ಹೋಯಿತು. ಊರಿನ ಇಂಡಿಯನ್ ಅಂಗಡಿಯಿಂದ ಲಂಡನ್ನಿನ ಉಪ್ಪಿನಕಾಯಿ ಮಾಯವಾಯಿತು, ಬಂದಾಗ ಅದರ ಬೆಲೆ ಮುಟ್ಟುವ ಹಾಗಿರಲಿಲ್ಲ. ನಾವೆಲ್ಲ ಗೊಣಗಿದೆವು. ಇಮ್ತಿಯಾಜ್ ಮಾತ್ರ ಖುಷಿಯಾಗಿದ್ದ, ಯಾಕೆಂದರೆ ಅವನಿಗೆ ಕೆಲಸ ಸಿಕ್ಕಿದ್ದೇ ಅದರಿಂದ. ಬ್ರಿಟನ್ನಿನಿಂದ ಬರುವ ಒಂದೊಂದು ಲಾರಿಗೂ ಈಗ ಸುಂಕದ ಕಾಗದ ಬೇಕು. ಬಂದರಿನ ಸರಕು ಸಾಗಣೆ ಕಂಪನಿಯೊಂದು ಆ ಕಾಗದ ತುಂಬಲು ಅವನನ್ನು ಸೇರಿಸಿಕೊಂಡಿತು.

ಸ್ಟೇಷನ್ನಿಗೆ ಅವನೇ ಬಂದಿದ್ದ. ನಾಲ್ಕು ತಿಂಗಳ ಮಗಳು ಝೋಯಾಳನ್ನು ಎದೆಗೆ ಕಟ್ಟಿಕೊಂಡಿದ್ದ. ಮನೆಯಲ್ಲಿ ಶಬಾನಾ ಬಿಸಿ ಬಿಸಿ ಕೈಮಾ ಉಂಡೆ ಸಾರು, ನನಗೆಂದು ಬೇರೆ ಬದನೆಕಾಯಿ ಪಲ್ಯ ಮಾಡಿದ್ದಳು. ಅವಳು ಬೆಂಗಳೂರಿನವಳು, ದೊಡ್ಡ ಪೀಠೋಪಕರಣ ಕಂಪನಿಯ ಆಫೀಸಿನಲ್ಲಿ ಕೆಲಸದ ಪರವಾನಗಿಯ ಮೇಲೆ ಇದ್ದಾಳೆ. ಇವರಿಬ್ಬರೂ ಭೇಟಿಯಾಗಿದ್ದು, ಮದುವೆಯಾಗಿದ್ದು ಇದೇ ಊರಿನಲ್ಲಿ.

“ಅಕ್ಕಾ, ಇವರ ಸ್ಟೋರಿ ಫುಲ್ ಕೇಳಿದೀರಾ?” ಅಂದಳು ಶಬಾನಾ. “ಬ್ರಿಟಿಷರೆಲ್ಲ ಇಷ್ಟು ದಿನದೊಳಗೆ ಅರ್ಜಿ ಹಾಕಿ, ಇಲ್ದಿದ್ರೆ ಇಲ್ಲಿರೋ ಹಕ್ಕು ಹೋಗತ್ತೆ ಅಂತ ಲೆಟರ್ ಬಂದಿತ್ತು. ನಮ್ಮ ಮದುವೆಗೆ ಮುಂಚೆ. ಇವರು ಏನ್ ಮಾಡಿದ್ರು ಹೇಳಿ?”

ಇಮ್ತಿಯಾಜ್ ತಟ್ಟೆ ನೋಡುತ್ತ ಕೂತಿದ್ದ.

“ಓದಿ, ಪಕ್ಕದ ಫ್ಲ್ಯಾಟಿನ ಇಂಗ್ಲಿಷ್ ಮುದುಕನಿಗೆ ಕೊಟ್ಟು ಬಂದ್ರು. ‘ತಪ್ಪಿ ನನ್ನ ಅಂಚೆ ಡಬ್ಬಿಗೆ ಬಿದ್ದಿದೆ, ನಿಮ್ಮದು’ ಅಂತ!”

ನಗು ತಡೆಯಲಾಗಲಿಲ್ಲ. ಇಮ್ತಿಯಾಜನ ಬೆಂಗಳೂರು ಕನ್ನಡ ಅಲ್ಲೇ ಕಳಚಿ ಬಿತ್ತು. “ನಗಬ್ಯಾಡ್ರಿ ಅಕ್ಕಾರ. ಬ್ರಿಟಿಷರು ಅಂತ ಬರದಿತ್ತು. ನಾ ಯಾವಾಗ ಬ್ರಿಟಿಷರಾಂವ ಆದ್ನಿ? ಹುಬ್ಬಳ್ಯಾಂವ ಅಲ್ಲೇನ್ರಿ ನಾ? ಪಾಸ್‌ಪೋರ್ಟ್ ಅಂದ್ರ ಏರ್‌ಪೋರ್ಟ್‌ನ್ಯಾಗ ತೋರ್ಸೂ ಪುಸ್ತಕ ಅಂತ ತಿಳ್ಕೊಂಡಿದ್ನಿ.”

ಅವನು ಅರ್ಜಿ ಹಾಕಲೇ ಇಲ್ಲ. ಗಡುವು ದಾಟಿದ ಮೇಲೂ ಸಂಬಳ ಬಂತು, ತೆರಿಗೆ ಮುರಿದುಕೊಂಡರು, ಯಾರೂ ಏನೂ ಕೇಳಲಿಲ್ಲ. ಝೋಯಾ ಹುಟ್ಟಿದಾಗ ಅವಳ ಕಾಗದಕ್ಕೆ ಅಪ್ಪನ ಕಾಗದ ಬೇಕಾಯಿತು. ಆಗ ಗೊತ್ತಾಯಿತು, ಅಪ್ಪನಿಗೆ ಕಾಗದವೇ ಇಲ್ಲ ಅಂತ. ಲಾರಿಗಟ್ಟಲೆ ಬಿಸ್ಕತ್ತಿಗೂ ಸೈಕಲ್ ಬಿಡಿಭಾಗಕ್ಕೂ ಒಂದು ಅಕ್ಷರ ತಪ್ಪದಂತೆ ಅರ್ಜಿ ತುಂಬಿದವನು ತನ್ನದನ್ನು ತುಂಬಿರಲಿಲ್ಲ. ತಡವಾಗಿ ಹಾಕಿದ ಅರ್ಜಿಯ ಉತ್ತರವೇ ಮಾರನೆಯ ದಿನ ಸಿಗಬೇಕಿತ್ತು.

ಸಂಜೆ ಮೂವರೂ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ದಡಕ್ಕೆ ಹೋದೆವು. ಎಂಟು ಗಂಟೆಯಾದರೂ ಬಿಸಿಲು. ಆಚೆ ದಡದಲ್ಲಿ ಡೆನ್ಮಾರ್ಕ್, ಬರೀ ಇಪ್ಪತ್ತು ನಿಮಿಷದ ದಾರಿ. ಬಿಳಿ ಹಡಗುಗಳು ಸದ್ದಿಲ್ಲದೆ ಹೋಗುತ್ತಿದ್ದವು, ಬರುತ್ತಿದ್ದವು. ನೋಡುತ್ತ ನೋಡುತ್ತ ಹಡಗು ನಿಂತೇ ಇದೆ, ದಡವೇ ಸರಿಯುತ್ತಿದೆ ಅನ್ನಿಸತೊಡಗಿತು. “ಮೊದಲೆಲ್ಲ ಸುಮ್ಮನೆ ಹಡಗಲ್ಲಿ ಕೂತು ಕಾಫಿ ಕುಡಿದು ವಾಪಸ್ ಬರ್ತಿದ್ದೆ” ಅಂದ ಇಮ್ತಿಯಾಜ್. “ಈಗ ಹತ್ತಲ್ಲ. ವಾಪಸ್ ಬಿಡದೇ ಹೋದರೆ?” ಶಬಾನಾ ಮಗುವಿನ ಟೋಪಿ ಸರಿ ಮಾಡಿದಳು.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ನಾವಿಬ್ಬರೇ ಮಾಲ್ಮೊ ರೈಲು ಹತ್ತಿದೆವು. ಹತ್ತಿರ ಹತ್ತಿರ ಒಂದು ಗಂಟೆಯ ದಾರಿ. ಎಣ್ಣೆಕಾಳಿನ ಹೊಲಗಳು ಹೂಬಿಟ್ಟು ಕಿಟಕಿ ತುಂಬ ಹಳದಿ. ಬೋಗಿಯೊಳಗಿನ ಬೆಳಕೂ ಹಳದಿ, ಇಮ್ತಿಯಾಜನ ಬಿಳಿ ಅಂಗಿಯೂ ಹಳದಿ. ಇದೇ ರೈಲಿನಲ್ಲಿ ಹೀಗೇ ಕೂತುಬಿಟ್ಟರೆ ಸಾಕು, ಮಾಲ್ಮೊ ಬರುವುದೇ ಬೇಡ ಅನ್ನಿಸಿತು.

ವಲಸೆ ಕಚೇರಿಯಲ್ಲಿ ಸರದಿ ಚೀಟಿ ತಗೊಂಡು ಕಾದೆವು. ನರೆತ ಕೂದಲಿನ ಅಧಿಕಾರಿಣಿ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ನಾನು ಕನ್ನಡಕ್ಕೆ ತಿರುಗಿಸುತ್ತ ಹೋದೆ. ಅರ್ಜಿ ತಡವಾಗಿದೆ. ತಡವಾಗಿದ್ದಕ್ಕೆ ಕೊಟ್ಟ ಕಾರಣ ಸಾಲದು. ನಾಲ್ಕು ವಾರದಲ್ಲಿ ದೇಶ ಬಿಡಬೇಕು. ಹೊರಗಿನಿಂದ, ಶಬಾನಾಳ ಗಂಡ ಅಂತ ಹೊಸ ಅರ್ಜಿ ಹಾಕಬಹುದು.

“ಎಷ್ಟು ತಿಂಗಳು ಆಗತ್ತೆ ಕೇಳಿ ಅಕ್ಕಾ.”

ಕೇಳಿದೆ. ಹೇಳಲಾಗದು ಅಂದಳು. ತಿಂಗಳುಗಳೇ ಆಗಬಹುದು. ಅವಳ ದನಿಯಲ್ಲಿ ಗಡಸಿರಲಿಲ್ಲ, ಅದೇ ನನಗೆ ಇನ್ನೂ ಕಷ್ಟವಾಯಿತು. ಯಾರ ಮೇಲೆ ಅಂತ ಸಿಟ್ಟಾಗುವುದು? ಮತ ಹಾಕಿ ಒಕ್ಕೂಟ ಬಿಟ್ಟ ಬ್ರಿಟಿಷರ ಮೇಲೋ, ಕಾನೂನಿನ ಮೇಲೋ, ಕಾಗದ ಪಕ್ಕದ ಮನೆಗೆ ಕೊಟ್ಟು ಬಂದ ಈ ಪೆದ್ದನ ಮೇಲೋ? ಮಗು ಎದ್ದು ಕೂರುವುದು, ಅಂಬೆಗಾಲಿಡುವುದು ಯಾವುದನ್ನೂ ಇವನು ನೋಡುವುದಿಲ್ಲವಲ್ಲ ಅಂತ ನೆನೆದು ನನಗೆ ಅಳುವೇ ಬಂತು. ಇಮ್ತಿಯಾಜ್ ಅಳಲಿಲ್ಲ. ತೋರಿಸಿದ ಕಡೆ ಸಹಿ ಹಾಕಿ, “ತಕ್” ಅಂತ ಸ್ವೀಡಿಷಿನಲ್ಲಿ ಥ್ಯಾಂಕ್ಸ್ ಹೇಳಿ ಎದ್ದ.

ಸ್ಟೇಷನ್ನಿನಲ್ಲಿ ಏಲಕ್ಕಿ ಬನ್ನು, ಕಾಫಿ ತಂದಿಟ್ಟುಕೊಂಡು ಕೂತೆವು. ಅವನು ಮುಟ್ಟಲಿಲ್ಲ. “ಮುಂದಿನ ರೈಲಿಗೆ ಹೋಗಲ್ಲ ಅಕ್ಕಾ. ಸ್ವಲ್ಪ ಸಮುದ್ರದ ಕಡೆ ಅಡ್ಡಾಡಿ ಬರ್ತೀನಿ. ಮನೆಗೆ ಹೋಗಿ ಮುಖ ಹೆಂಗೆ ತೋರಿಸೋದು?”

“ಮೊದಲು ಅವಳಿಗೆ ಫೋನ್ ಮಾಡು. ಕಾಯ್ತಿರ್ತಾಳೆ” ಅಂದೆ.

ಮಾಡಿದ. ಪಕ್ಕದಲ್ಲಿದ್ದ ನನಗೂ ಶಬಾನಾಳ ದನಿ ಕೇಳುತ್ತಿತ್ತು. ಅವನು ಒಂದೇ ಮಾತು ಅಂದ, “ಒಪ್ಪಲಿಲ್ಲ.”

ಆ ಕಡೆ ಮಗು ಊ ಊ ಅಂದಿದ್ದು ಕೇಳಿಸಿತು.

“ಎಷ್ಟು ದಿನ ಕೊಟ್ರು?”

“ನಾಲ್ಕು ವಾರ.”

“ಹಾಗಾದ್ರೆ ಅಲ್ಲೇನು ಮಾಡ್ತಿದೀರ? ಬೇಗ ಮನೆಗೆ ಬನ್ನಿ. ಒಂದು ದಿನದಲ್ಲಿ ಅರ್ಧ ಆಗ್ಲೇ ಹೋಯ್ತು.”

ಇಮ್ತಿಯಾಜ್ ಎದ್ದು ನಿಂತ. ಹೆಲ್ಸಿಂಗ್‌ಬೋರ್ಯ್ ರೈಲಿಗೆ ಎರಡೇ ನಿಮಿಷ ಇತ್ತು. ಜನರ ಮಧ್ಯೆ ನುಗ್ಗಿ ಓಡಿದ. ನಾನು ಅವನು ಕುರ್ಚಿಯಲ್ಲೇ ಬಿಟ್ಟ ಕೋಟು ಹಿಡಿದು ಹಿಂದೆ ಹಿಂದೆ ಓಡಿದೆ, ಬಾಗಿಲು ಮುಚ್ಚುವ ಹೊತ್ತಿಗೆ ಅದನ್ನು ಒಳಗೆ ಎಸೆದು ಪ್ಲಾಟ್‌ಫಾರ್ಮಿನಲ್ಲೇ ಉಳಿದೆ. ಅವನು ಕೂರಲಿಲ್ಲ. ಇಳಿಯುವ ಊರು ಬಂದೇಬಿಟ್ಟಿತೇನೋ ಅನ್ನುವ ಹಾಗೆ ಬಾಗಿಲಿಗೆ ಒತ್ತಿಕೊಂಡು ನಿಂತೇ ಇದ್ದ.